ಕೊರಳಿನ ಜನ್ಮಜಾತ ನೀರುಗಂಟು: ಸೂಜಿ ಪರೀಕ್ಷೆ ಏನು ಹೇಳುತ್ತದೆ?



ಇಷ್ಟಲಿಂಗಧಾರಿಗಳಿಗೆ ಕೊರಳು ಶಿವದಾರವನ್ನು ಧರಿಸುವ ಸ್ಥಾನ. ನಿತ್ಯವೂ ಮಿಂದು, ವಿಭೂತಿ ಧರಿಸಿ, ಶಿವದಾರವನ್ನು ಸರಿಪಡಿಸಿಕೊಳ್ಳುವಾಗ ನಮ್ಮ ಕೈ ಕೊರಳಿನ ಮೇಲೆ ಆಡುತ್ತದೆ. ಅಲ್ಲಿ ಮೂಡಿದ ಸಣ್ಣದೊಂದು ಗಂಟು ಎಷ್ಟೋ ಸಲ ಕೈಗೆ ಸಿಗುವುದು ಇಂತಹ ಹೊತ್ತಿನಲ್ಲಿಯೇ. ಮಕ್ಕಳಲ್ಲಾದರೆ ತಾಯಿಯು ಎಣ್ಣೆ ಹಚ್ಚಿ ಎರೆಯುವಾಗ ಅದನ್ನು ಗುರುತಿಸುತ್ತಾಳೆ.

ಗಂಟು ಕಂಡ ಕೂಡಲೇ ಎರಡು ಬಗೆಯ ತಪ್ಪುಗಳು ನಡೆಯುವುದನ್ನು ನವಿಲುತೀರ್ಥ, ಮುನವಳ್ಳಿ, ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಸೀಮೆಯಲ್ಲಿ ವೈದ್ಯವೃತ್ತಿ ಮಾಡುವ ನಾವೆಲ್ಲರೂ ಕಾಣುತ್ತೇವೆ. ಕೆಲವರು ಅದು ಕ್ಯಾನ್ಸರೇ ಎಂದು ನಿಶ್ಚಯಿಸಿಕೊಂಡು ಅನ್ನ ನಿದ್ರೆಗಳನ್ನು ಬಿಡುತ್ತಾರೆ. ಇನ್ನು ಕೆಲವರು ನೋವಿಲ್ಲವೆಂಬ ಕಾರಣಕ್ಕೆ ಸುಮ್ಮನಿದ್ದು, ನಡುನಡುವೆ ಬರೆ ಹಾಕಿಸುತ್ತಾರೆ, ಕೇರುಬೀಜದ ಎಣ್ಣೆ ಹಚ್ಚುತ್ತಾರೆ, ಬ್ಲೇಡಿನಿಂದ ಗೀರಿಸಿ ನೀರು ತೆಗೆಸುತ್ತಾರೆ. ಈ ಇಬ್ಬರೂ ಮರೆಯುವ ಪ್ರಶ್ನೆ ಒಂದೇ: ಈ ಗಂಟು ಯಾವುದು? ಗಂಟಿಗೆ ಹೆಸರು ಸಿಗುವ ಮೊದಲು ಭಯಕ್ಕೂ ಆಧಾರವಿಲ್ಲ, ಧೈರ್ಯಕ್ಕೂ ಆಧಾರವಿಲ್ಲ. ಆ ಹೆಸರನ್ನು ತಿಳಿಯಲು ನೆರವಾಗುವ ಒಂದು ಸರಳ ಪರೀಕ್ಷೆಯನ್ನು, ಅದರ ಬಲವನ್ನೂ ಮಿತಿಯನ್ನೂ, ಈ ಸಂಚಿಕೆಯಲ್ಲಿ ವಿವರಿಸಲು ಬಯಸುತ್ತೇವೆ.

ಗರ್ಭದಲ್ಲಿ ಮುಚ್ಚದೆ ಉಳಿದ ದಾರಿ

ಕೊರಳಿನ ಕೆಲವು ಗಂಟುಗಳು ನಿನ್ನೆ ಮೊನ್ನೆ ಹುಟ್ಟಿದವುಗಳಲ್ಲ. ಮಗು ತಾಯಿಯ ಗರ್ಭದಲ್ಲಿ ಒಂದು ಕಾಳಿನಷ್ಟಿರುವಾಗಲೇ ಅವುಗಳ ಬೀಜ ಬಿದ್ದಿರುತ್ತದೆ. ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯು ಮೊದಲು ರೂಪುಗೊಳ್ಳುವುದು ನಾಲಗೆಯ ಬುಡದಲ್ಲಿ. ಗರ್ಭದ ನಾಲ್ಕನೆಯ ವಾರದ ಸುಮಾರಿಗೆ ಅದು ಅಲ್ಲಿಂದ ಕೆಳಗಿಳಿಯಲಾರಂಭಿಸಿ, ಏಳನೆಯ ವಾರದ ವೇಳೆಗೆ ತನ್ನ ಸ್ಥಾನವನ್ನು ಸೇರುತ್ತದೆ. ಅದು ಇಳಿದು ಬಂದ ಸಣ್ಣ ನಾಳವು ಬಳಿಕ ತಾನಾಗಿಯೇ ಮುಚ್ಚಿಹೋಗಬೇಕು.

ನವಿಲುತೀರ್ಥದ ಕಾಲುವೆಯ ನೀರನ್ನು ಹೊಲಕ್ಕೆ ಹಾಯಿಸುವ ರೈತರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ನೀರು ಹಾಯ್ದ ಮೇಲೆ ಹೊಲಗಾಲುವೆಯನ್ನು ಮಣ್ಣಿನಿಂದ ಮುಚ್ಚುತ್ತಾರೆ. ನಡುವೆ ಒಂದು ತುಂಡು ಮುಚ್ಚದೆ ಉಳಿದರೆ ಅಲ್ಲಿ ನೀರು ನಿಂತು ಜವಳಾಗುತ್ತದೆ. ಅದೇ ರೀತಿ ಮುಚ್ಚದೆ ಉಳಿದ ನಾಳದ ತುಂಡಿನಲ್ಲಿ ಲೋಳೆಯಂತಹ ದ್ರವ ಸಂಗ್ರಹವಾಗಿ ಗಂಟಾಗುತ್ತದೆ. ಇದಕ್ಕೆ ಥೈರೋಗ್ಲಾಸಲ್ ಸಿಸ್ಟ್ ಎಂದು ಹೆಸರು. ಇದು ಕುತ್ತಿಗೆಯ ನಟ್ಟನಡುವೆ ಅಥವಾ ಅದಕ್ಕೆ ತೀರ ಸಮೀಪದಲ್ಲಿ, ಗಂಟಲುಮಣಿಯ ಮೇಲ್ಭಾಗದಲ್ಲಿರುವ ಹಯಾಯ್ಡ್ ಎಂಬ ಸಣ್ಣ ಎಲುಬಿನ ಆಸುಪಾಸಿನಲ್ಲಿ ಕಂಡುಬರುತ್ತದೆ. ಉಗುಳು ನುಂಗಿದಾಗಲೂ ನಾಲಗೆಯನ್ನು ಹೊರಚಾಚಿದಾಗಲೂ ಇದು ಮೇಲಕ್ಕೆ ಸರಿಯುತ್ತದೆ. ಮಕ್ಕಳಲ್ಲಿ ಹೆಚ್ಚಾಗಿ ಕಂಡರೂ ದೊಡ್ಡವರಲ್ಲಿಯೂ ಕಾಣಿಸಿಕೊಳ್ಳಬಹುದು.

ಎರಡನೆಯದು ಕುತ್ತಿಗೆಯ ಪಕ್ಕದಲ್ಲಿ ಬರುವ ಬ್ರಾಂಕಿಯಲ್ ಸಿಸ್ಟ್. ಭ್ರೂಣದ ಕುತ್ತಿಗೆಯ ಭಾಗದಲ್ಲಿ ಮೀನಿನ ಕಿವಿರನ್ನು ಹೋಲುವ ಕಮಾನುಗಳೂ ಅವುಗಳ ನಡುವೆ ಸೀಳುಗಳೂ ಕೆಲಕಾಲ ಮೂಡಿ ಮರೆಯಾಗುತ್ತವೆ. ಮರೆಯಾಗದೆ ಉಳಿದ ಭಾಗವು ಚೀಲವಾಗುತ್ತದೆ. ಇವುಗಳಲ್ಲಿ ಬಹುಪಾಲು ಎರಡನೆಯ ಸೀಳಿಗೆ ಸಂಬಂಧಿಸಿದವು. ಕಿವಿಯ ಹಿಂಭಾಗದಿಂದ ಎದೆಯ ಎಲುಬಿನವರೆಗೆ ಓರೆಯಾಗಿ ಇಳಿಯುವ ಸ್ನಾಯುವಿನ ಮುಂಬದಿಯಲ್ಲಿ, ದವಡೆಯ ಮೂಲೆಯ ಕೆಳಗೆ ಇದು ಉಬ್ಬಿ ಕಾಣುತ್ತದೆ. ಹುಟ್ಟಿನಿಂದ ಒಳಗೇ ಇದ್ದರೂ, ನೆಗಡಿ ಅಥವಾ ಗಂಟಲುನೋವು ಬಂದುಹೋದ ಬಳಿಕ, ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ ಹಠಾತ್ತನೆ ದೊಡ್ಡದಾಗುವುದುಂಟು. ಇವಲ್ಲದೆ ಹಸುಗೂಸುಗಳಲ್ಲಿ ಮೆತ್ತಗೆ, ಬ್ಯಾಟರಿಯ ಬೆಳಕು ಹಾಯುವಂತೆ ಕಾಣುವ ಸಿಸ್ಟಿಕ್ ಹೈಗ್ರೋಮಾ, ಮತ್ತು ಬೆಣ್ಣೆಯಂತಹ ಪದಾರ್ಥ ತುಂಬಿರುವ ಡರ್ಮಾಯ್ಡ್ ಸಿಸ್ಟ್ ಎಂಬ ಗಂಟುಗಳೂ ಉಂಟು.

ಇಲ್ಲಿ ತಾಯಂದಿರಿಗೆ ಒಂದು ಮಾತು ಹೇಳಲೇಬೇಕು. ಸುಶ್ರುತ ಸಂಹಿತೆಯ ಸೂತ್ರಸ್ಥಾನವು ಹುಟ್ಟಿನಿಂದ ಬರುವ ವಿಕಾರಗಳನ್ನು ಜನ್ಮಬಲಪ್ರವೃತ್ತ ವ್ಯಾಧಿಗಳೆಂದು ಬೇರೆಯಾಗಿ ವಿಂಗಡಿಸಿ, ಅವುಗಳನ್ನು ತಾಯಿಯ ಆಹಾರ-ವಿಹಾರಗಳಿಗೆ ಜೋಡಿಸಿದೆ. ವಿಂಗಡಣೆಯು ಇಂದಿಗೂ ಅರ್ಥಪೂರ್ಣ. ಆದರೆ ಈ ನೀರುಗಂಟುಗಳ ವಿಷಯದಲ್ಲಿ ತಾಯಿಯ ದೋಷ ಏನೂ ಇಲ್ಲವೆಂಬುದನ್ನು ಇಂದಿನ ಭ್ರೂಣಶಾಸ್ತ್ರ ಸ್ಪಷ್ಟಪಡಿಸಿದೆ. ಬಸುರಿಯಿದ್ದಾಗ ಗ್ರಹಣ ನೋಡಿದಳು, ಇಂಥದ್ದನ್ನು ತಿಂದಳು ಎಂದು ಸೊಸೆಯನ್ನು ದೂರುವುದು ಸಲ್ಲದು.

ಹೊರಗೆ ಒಂದೇ ರೂಪ, ಒಳಗೆ ಬೇರೆ ಬೇರೆ ರೋಗ

ನಮ್ಮ ಪೂರ್ವಾಚಾರ್ಯರು ಕೊರಳಿನ ಗಂಟುಗಳನ್ನು ಒಂದೇ ರಾಶಿಗೆ ಹಾಕಲಿಲ್ಲ. ಸುಶ್ರುತರು ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚಿ, ಅರ್ಬುದ, ಗಲಗಂಡಗಳನ್ನು ಬೇರೆ ಬೇರೆಯಾಗಿ ವರ್ಣಿಸಿದ್ದಾರೆ. ಸೂತ್ರಸ್ಥಾನದ ಹದಿನೇಳನೆಯ ಅಧ್ಯಾಯವಂತೂ ಬಾವು ಅಪಕ್ವವೋ ಪಕ್ವವೋ ಎಂಬುದನ್ನು ಅರಿಯದೆ ಶಸ್ತ್ರ ಹಿಡಿಯುವ ವೈದ್ಯನನ್ನು ಕಟುವಾಗಿ ನಿಂದಿಸುತ್ತದೆ. ಮೊದಲು ನಿದಾನ, ಆಮೇಲೆ ಚಿಕಿತ್ಸೆ ಎಂಬುದು ಆಯುರ್ವೇದದ ತಳಹದಿ.

ಅವರು ಕಣ್ಣು ಮತ್ತು ಕೈಬೆರಳುಗಳಿಂದ ಅರಿಯಬಹುದಾದಷ್ಟನ್ನು ಅರಿತರು. ಆದರೆ ಕುತ್ತಿಗೆಯ ಪಕ್ಕದಲ್ಲಿರುವ ನಿಂಬೆಹಣ್ಣಿನ ಗಾತ್ರದ ಮೆತ್ತನೆಯ ಗಂಟು ಜನ್ಮಜಾತ ಸಿಸ್ಟ್ ಆಗಿರಬಹುದು. ಜನರು ಗಂಡಮಾಲೆ ಎಂದು ಕರೆಯುವ ದುಗ್ಧಗ್ರಂಥಿಯ ಕ್ಷಯವೂ ಆಗಿರಬಹುದು. ಬಾಯಿ-ಗಂಟಲಿನ ಕ್ಯಾನ್ಸರ್ ಅಥವಾ ಥೈರಾಯ್ಡಿನ ಕ್ಯಾನ್ಸರ್ ದುಗ್ಧಗ್ರಂಥಿಗೆ ಹರಡಿ ಒಳಗೆ ನೀರಾದದ್ದೂ ಆಗಿರಬಹುದು. ಬೆರಳಿಗೆ ಇವೆಲ್ಲ ಒಂದೇ ತೆರನಾಗಿ ತೋರುವುದುಂಟು. ಚಿಕಿತ್ಸೆಯೋ ಮೂರಕ್ಕೂ ಬೇರೆ ಬೇರೆ. ಸಿಸ್ಟಿಗೆ ಶಸ್ತ್ರಚಿಕಿತ್ಸೆ, ಕ್ಷಯಕ್ಕೆ ತಿಂಗಳುಗಟ್ಟಲೆ ಮಾತ್ರೆ, ಕ್ಯಾನ್ಸರಿಗೆ ತಡಮಾಡದ ವಿಶೇಷ ಚಿಕಿತ್ಸೆ. ಕ್ಷಯದ ಗಂಟನ್ನು ಕೊಯ್ದರೆ ಅದು ಮಾಯದೆ ಸೋರುವ ಹುಣ್ಣಾಗಬಹುದು. ಆದುದರಿಂದ ಗಂಟಿನ ಒಳಗೆ ಇರುವ ಜೀವಕೋಶಗಳನ್ನೇ ಕಣ್ಣಾರೆ ನೋಡುವ ಪರೀಕ್ಷೆ ಬೇಕಾಗುತ್ತದೆ.

ಸೂಜಿ ಪರೀಕ್ಷೆ ನಡೆಯುವ ಬಗೆ

ಈ ಪರೀಕ್ಷೆಗೆ ಆಸ್ಪತ್ರೆಯಲ್ಲಿ ಎಫ್‌ಎನ್‌ಎಸಿ ಎನ್ನುತ್ತಾರೆ. ಸಣ್ಣ ಸೂಜಿಯಿಂದ ಜೀವಕೋಶಗಳನ್ನು ಹೀರಿ ನೋಡುವುದು ಎಂದು ಇದರ ಅರ್ಥ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲಿಸ್ ಅವರು ಸೂಜಿಯಿಂದ ಗಂಟಿನ ಮಾದರಿ ತೆಗೆಯುವ ಕ್ರಮವನ್ನು 1930ರಲ್ಲಿ ಪ್ರಕಟಿಸಿದರು. ಅವರ ಸೂಜಿ ದಪ್ಪವಾಗಿತ್ತು. 1950ರ ದಶಕದಿಂದೀಚೆಗೆ ಸ್ವೀಡನ್ ದೇಶದ ವೈದ್ಯರು ತೆಳುವಾದ ಸೂಜಿಯನ್ನು ಬಳಕೆಗೆ ತಂದ ಮೇಲೆ ಇದು ಜಗತ್ತಿನ ಎಲ್ಲೆಡೆ ಹರಡಿತು.

ರೋಗಿಯನ್ನು ಮಲಗಿಸಿ ಅಥವಾ ಕೂರಿಸಿ, ಚರ್ಮವನ್ನು ಸ್ಪಿರಿಟಿನಿಂದ ಶುದ್ಧಗೊಳಿಸುತ್ತಾರೆ. ವೈದ್ಯರು ಎಡಗೈ ಬೆರಳುಗಳಿಂದ ಗಂಟನ್ನು ಸ್ಥಿರವಾಗಿ ಹಿಡಿದು, 22ರಿಂದ 25 ಗೇಜಿನ ಸೂಜಿಯನ್ನು ಒಳಗೆ ಸೇರಿಸಿ ಸಿರಿಂಜಿನಿಂದ ಹೀರುತ್ತಾರೆ. ಈ ಸೂಜಿಯ ದಪ್ಪ ಮುಕ್ಕಾಲು ಮಿಲಿಮೀಟರನ್ನೂ ಮೀರದು. ರಕ್ತ ಪರೀಕ್ಷೆಗೆ ಚುಚ್ಚುವ ಸೂಜಿಯಷ್ಟೇ ಅಥವಾ ಅದಕ್ಕಿಂತ ಸಣ್ಣದು. ಸಾಮಾನ್ಯವಾಗಿ ಅರಿವಳಿಕೆ ಬೇಡ, ಉಪವಾಸ ಬೇಡ, ಹೊಲಿಗೆ ಇಲ್ಲ. ಕೆಲವು ನಿಮಿಷ ಹತ್ತಿಯಿಂದ ಒತ್ತಿಹಿಡಿದರೆ ಸಾಕು, ಮನೆಗೆ ನಡೆದು ಹೋಗಬಹುದು. ಪರೀಕ್ಷೆಯ ಹೊತ್ತಿನಲ್ಲಿ ಉಗುಳು ನುಂಗದೆ, ಮಾತನಾಡದೆ ಇರಬೇಕು. ಹೆದರಿ ಒದ್ದಾಡುವ ಎಳೆಯ ಮಕ್ಕಳಿಗೆ ಮಾತ್ರ ಕೆಲವೊಮ್ಮೆ ಮಂಪರು ಔಷಧ ಬೇಕಾದೀತು.

ಹೀರಿದ ಹನಿಯನ್ನು ಗಾಜಿನ ಪಟ್ಟಿಗಳ ಮೇಲೆ ತೆಳುವಾಗಿ ಹರಡುತ್ತಾರೆ. ಕೆಲವನ್ನು ಕೂಡಲೇ ಆಲ್ಕೋಹಾಲಿನಲ್ಲಿ ಅದ್ದಿ, ಕೆಲವನ್ನು ಗಾಳಿಯಲ್ಲಿ ಒಣಗಿಸಿ, ಬೇರೆ ಬೇರೆ ಬಣ್ಣಗಳನ್ನು ಹಾಕುತ್ತಾರೆ. ನೀರು ಹೆಚ್ಚಾಗಿ ಬಂದರೆ ಅದನ್ನು ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ತಳಕ್ಕೆ ಇಳಿದ ಕೋಶಗಳನ್ನು ಸಂಗ್ರಹಿಸುತ್ತಾರೆ. ನೀರು ತೆಗೆದ ಬಳಿಕವೂ ಗಟ್ಟಿ ಭಾಗ ಉಳಿದಿದ್ದರೆ ಅಲ್ಲಿಂದ ಮತ್ತೊಮ್ಮೆ ಮಾದರಿ ತೆಗೆಯಲೇಬೇಕು. ರೋಗದ ಕುರುಹು ಅಡಗಿರುವುದು ಹಲವು ಸಲ ಆ ಗಟ್ಟಿ ಭಾಗದಲ್ಲಿಯೇ.

ಸೂಕ್ಷ್ಮದರ್ಶಕದಲ್ಲಿ ಕಾಣುವುದೇನು?

ಥೈರೋಗ್ಲಾಸಲ್ ಸಿಸ್ಟಿನಿಂದ ಬರುವ ದ್ರವ ಹಳದಿ ಬಣ್ಣದ್ದು, ಲೋಳೆಯಂತಹದು. ಅದರಲ್ಲಿ ಕಸವನ್ನು ನುಂಗುವ ದೊಡ್ಡ ಕೋಶಗಳು, ಉರಿಯೂತದ ಕೋಶಗಳು, ಕೆಲವೊಮ್ಮೆ ನಾಳದ ಒಳಪದರಿನ ಚಪ್ಪಟೆ ಕೋಶಗಳು ಅಥವಾ ಸೂಕ್ಷ್ಮ ರೋಮಗಳುಳ್ಳ ನೀಳವಾದ ಕೋಶಗಳು ಕಾಣುತ್ತವೆ. ಥೈರಾಯ್ಡ್ ಕೋಶಗಳು ಸಿಗುವುದು ವಿರಳ.

ಬ್ರಾಂಕಿಯಲ್ ಸಿಸ್ಟಿನ ದ್ರವ ಹುಲ್ಲಿನ ಬಣ್ಣದ್ದಾಗಿರಬಹುದು, ಕೀವಿನಂತೆ ಮಂದವೂ ಆಗಿರಬಹುದು. ಕೀವಿನಂತೆ ಕಂಡ ಮಾತ್ರಕ್ಕೆ ಅದು ಕುರುವಲ್ಲ. ಅದರಲ್ಲಿ ಬೆಳೆದು ಉದುರಿದ ಚಪ್ಪಟೆ ಕೋಶಗಳು, ಬಿಳಿ ರಕ್ತಕಣಗಳ ಜಾತಿಯ ಲಿಂಫೋಸೈಟ್‌ಗಳು, ಮುರಿದ ಗಾಜಿನ ಚೂರಿನಂತಹ ಕೊಲೆಸ್ಟರಾಲ್ ಹರಳುಗಳು ಕಂಡರೆ ರೋಗಶಾಸ್ತ್ರಜ್ಞರು ಆ ಸಿಸ್ಟನ್ನು ಹೆಸರಿಸುತ್ತಾರೆ.

ಕ್ಷಯವಾದರೆ ಚಿತ್ರ ಬೇರೆಯೇ. ಸತ್ತ ಕೋಶಗಳ ಹರವು, ಗುಂಪುಗೂಡಿದ ವಿಶೇಷ ಕೋಶಗಳು ಕಾಣುತ್ತವೆ. ಅದೇ ಮಾದರಿಯನ್ನು ಕ್ಷಯದ ರೋಗಾಣುವಿನ ಬಣ್ಣ ಪರೀಕ್ಷೆಗೂ ಸಿಬಿನ್ಯಾಟ್ ಪರೀಕ್ಷೆಗೂ ಕಳುಹಿಸಬಹುದು. ಕ್ಷಯ ಖಚಿತವಾದರೆ ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಕ್ಯಾನ್ಸರ್ ಆಗಿದ್ದಲ್ಲಿ ಕೋಶಗಳ ಬೀಜಕೇಂದ್ರಗಳು ಗಾತ್ರ ಕೆಟ್ಟು, ಆಕಾರ ಕೆಟ್ಟು, ಗಾಢ ಬಣ್ಣ ಹಿಡಿದು ನಿಲ್ಲುತ್ತವೆ. ಹೀಗೆ ಒಂದು ಹನಿಯೊಳಗೆ ಮೂರು ಹಾದಿಗಳು ಬೇರೆಯಾಗುತ್ತವೆ.

ವರದಿಯನ್ನು ಓದುವಾಗ ಇರಬೇಕಾದ ವಿವೇಕ

ಪರೀಕ್ಷೆಯ ಗುಣವನ್ನು ಹೇಳಿದ ಮೇಲೆ ಮಿತಿಯನ್ನೂ ಹೇಳುವುದು ವೈದ್ಯಧರ್ಮ.

ಮೊದಲನೆಯದು: ಸಿಸ್ಟಿನ ನೀರಿನಲ್ಲಿ ಕೋಶಗಳು ವಿರಳವಾಗಿರುತ್ತವೆ. ಆದಕಾರಣ ಮಾದರಿ ಸಾಲದು ಎಂಬ ವರದಿ ಬರುವುದು ಅಪರೂಪವಲ್ಲ. ಇದರ ಅರ್ಥ ರೋಗವಿಲ್ಲವೆಂದಲ್ಲ, ಉತ್ತರ ಇನ್ನೂ ಸಿಕ್ಕಿಲ್ಲವೆಂದು. ಅಲ್ಟ್ರಾಸೌಂಡ್ ಸ್ಕ್ಯಾನಿನಲ್ಲಿ ನೋಡುತ್ತ, ಗಂಟಿನ ಗೋಡೆಗೋ ಗಟ್ಟಿ ಭಾಗಕ್ಕೋ ಸೂಜಿಯನ್ನು ಗುರಿಯಿಟ್ಟು ಮತ್ತೊಮ್ಮೆ ಮಾದರಿ ತೆಗೆಸಬೇಕು.

ಎರಡನೆಯದು, ನಮ್ಮ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದುದು: ಒಂದೇ ವರದಿಗೆ ವಯಸ್ಸಿನಂತೆ ಬೇರೆ ಅರ್ಥ. ಎಂಟು ವರ್ಷದ ಮಗುವಿನ ಕೊರಳ ನಡುವಿನ ಗಂಟಿನಲ್ಲಿ ಸಿಸ್ಟಿನ ದ್ರವವಷ್ಟೇ ಇದೆ ಎಂದು ಬಂದರೆ ತಂದೆತಾಯಿಗಳು ಬಹುಮಟ್ಟಿಗೆ ನಿಶ್ಚಿಂತರಾಗಬಹುದು. ಆದರೆ ನಲವತ್ತು ದಾಟಿದವರಲ್ಲಿ, ಅದರಲ್ಲೂ ಗುಟಕಾ, ತಂಬಾಕು, ಬೀಡಿ, ಮದ್ಯಗಳ ಚಟವಿರುವವರಲ್ಲಿ, ಕುತ್ತಿಗೆಯ ಪಕ್ಕದಲ್ಲಿ ಹೊಸದಾಗಿ ಮೂಡಿದ ನೀರುಗಂಟನ್ನು ಜನ್ಮಜಾತವೆಂದು ಒಪ್ಪಿ ಸುಮ್ಮನಾಗಲಾಗದು. ಟಾನ್ಸಿಲ್, ನಾಲಗೆಯ ಬುಡ ಮೊದಲಾದ ಕಡೆ ಅಡಗಿದ ಸಣ್ಣ ಕ್ಯಾನ್ಸರ್ ತಾನು ಕಾಣಿಸಿಕೊಳ್ಳದೆ, ಇಂತಹ ನೀರುಗಂಟಿನ ರೂಪದಲ್ಲಿ ಮೊದಲು ಪ್ರಕಟವಾಗುವುದುಂಟು. ಅದರ ನೀರಿನಲ್ಲಿಯೂ ಚಪ್ಪಟೆ ಕೋಶಗಳೇ ಇರುವುದರಿಂದ ಸೂಜಿ ಪರೀಕ್ಷೆ ಮೋಸಹೋಗಬಹುದು. ಅಂಥವರು ವರದಿ ಒಳ್ಳೆಯದೆಂದು ಬಂದರೂ ಕಿವಿ-ಮೂಗು-ಗಂಟಲು ತಜ್ಞರಿಂದ ದುರ್ಬೀನಿನ ಪರೀಕ್ಷೆಯನ್ನೂ, ಅವರು ಸೂಚಿಸಿದರೆ ಸಿಟಿ ಅಥವಾ ಎಂಆರ್‌ಐ ಸ್ಕ್ಯಾನನ್ನೂ ಮಾಡಿಸಿಕೊಳ್ಳಬೇಕು. ಥೈರಾಯ್ಡಿನ ಕ್ಯಾನ್ಸರ್ ಹರಡಿದ ಗಂಟು ಎಳೆಯ ವಯಸ್ಸಿನವರಲ್ಲಿಯೂ ನೀರುಗಂಟಿನಂತೆ ತೋರಬಹುದಾದ್ದರಿಂದ, ಕುತ್ತಿಗೆಯ ಸ್ಕ್ಯಾನ್ ಮಾಡುವಾಗ ಥೈರಾಯ್ಡನ್ನೂ ನೋಡುವುದು ಲೇಸು.

ಮೂರನೆಯದು: ಕೊರಳ ನಡುವಿನ ಗಂಟನ್ನು ತೆಗೆಯುವ ಮೊದಲು, ಥೈರಾಯ್ಡ್ ಗ್ರಂಥಿಯು ತನ್ನ ಸ್ಥಾನದಲ್ಲಿ ಇದೆಯೇ ಎಂದು ಅಲ್ಟ್ರಾಸೌಂಡಿನಿಂದ ಖಚಿತಪಡಿಸಿಕೊಳ್ಳಬೇಕು. ಅಪರೂಪಕ್ಕೆ ಕೆಲವರಲ್ಲಿ ಗ್ರಂಥಿಯು ಪೂರ್ತಿ ಕೆಳಗಿಳಿಯದೆ ನಡುದಾರಿಯಲ್ಲಿಯೇ ನಿಂತಿರುತ್ತದೆ. ಗಂಟೆಂದು ತಿಳಿದು ಅದನ್ನು ತೆಗೆದರೆ ದೇಹದಲ್ಲಿದ್ದ ಒಂದೇ ಥೈರಾಯ್ಡನ್ನು ತೆಗೆದಂತಾಗಿ, ಆ ಮಗು ಜೀವನಪರ್ಯಂತ ಮಾತ್ರೆಯನ್ನು ಅವಲಂಬಿಸಬೇಕಾಗುತ್ತದೆ.

ಎಲ್ಲ ಗಂಟುಗಳಿಗೂ ಸೂಜಿ ಸಲ್ಲುವುದಿಲ್ಲ ಎಂಬುದೂ ತಿಳಿದಿರಲಿ. ನಾಡಿಯಂತೆ ಮಿಡಿಯುವ ಗಂಟಿಗೆ ಸ್ಕ್ಯಾನ್ ಮಾಡದೆ ಚುಚ್ಚಬಾರದು. ಕೆಂಪಾಗಿ ಕೀವು ತುಂಬಿದ ಗಂಟಿಗೆ ಮೊದಲು ಸೋಂಕಿನ ಚಿಕಿತ್ಸೆ ಆಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರೂ ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರೂ ವೈದ್ಯರಿಗೆ ಮೊದಲೇ ತಿಳಿಸಬೇಕು. ಸಣ್ಣ ಮಕ್ಕಳಲ್ಲಿ ಗಂಟಿನ ಲಕ್ಷಣವೂ ಸ್ಕ್ಯಾನೂ ಸ್ಪಷ್ಟವಾಗಿದ್ದರೆ, ಶಸ್ತ್ರವೈದ್ಯರು ಸೂಜಿ ಪರೀಕ್ಷೆ ಇಲ್ಲದೆಯೇ ಮುಂದುವರಿಯುವುದೂ ಉಂಟು.

ಜನರಲ್ಲಿರುವ ಎರಡು ಭಯಗಳು

ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತನ್ನು ಓದುಬರಹ ಬಲ್ಲವರೂ ಹೇಳುತ್ತಾರೆ. ಕುತ್ತಿಗೆಯ ಗಂಟಿಗೆ ತೆಳು ಸೂಜಿ ಬಳಸಿದಾಗ ಹಾಗಾಗುವುದು ಅತ್ಯಂತ ವಿರಳ. ಅಪಾಯವಿರುವುದು ಹೆಸರು ತಿಳಿಯದ ಗಂಟನ್ನು ಅವಸರದಲ್ಲಿ ಕೊಯ್ದು ತುಂಡು ತೆಗೆಯುವುದರಲ್ಲಿ. ಇನ್ನೂ ಹೆಚ್ಚಿನ ಅಪಾಯವಿರುವುದು ಹೆದರಿ ಆರು ತಿಂಗಳು ಮನೆಯಲ್ಲಿ ಕುಳಿತುಬಿಡುವುದರಲ್ಲಿ.

ಎರಡನೆಯ ಭಯ ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದು. ಕನ್ಯೆ ನೋಡಲು ಬರುವವರು ಏನೆಂದಾರು ಎಂದು ಗಂಟನ್ನು ಸೆರಗಿನಿಂದ ಮರೆಮಾಡಿ, ಪರೀಕ್ಷೆಯನ್ನೇ ಮುಂದೂಡುವ ಮನೆಗಳಿವೆ. ಜನ್ಮಜಾತ ನೀರುಗಂಟು ಅಂಟುರೋಗವಲ್ಲ. ಮದುವೆಗೂ ಮಕ್ಕಳಾಗುವುದಕ್ಕೂ ಅದರಿಂದ ಬಾಧೆಯಿಲ್ಲ. ಶಸ್ತ್ರಚಿಕಿತ್ಸೆಯ ಗೆರೆಯನ್ನು ಕೊರಳಿನ ಸಹಜ ಮಡಿಕೆಯ ಗುಂಟ ಹಾಕುವುದರಿಂದ ಕಾಲಕ್ರಮೇಣ ಅದು ಎದ್ದು ಕಾಣುವುದಿಲ್ಲ. ಬರೆಯ ಕಲೆಯಾದರೋ ಜೀವಮಾನವಿಡೀ ಉಳಿಯುತ್ತದೆ.

ಚಿಕಿತ್ಸೆ ಮತ್ತು ನಮ್ಮ ಔಷಧಗಳ ಸ್ಥಾನ

ಸೂಜಿಯಿಂದ ನೀರು ತೆಗೆದಾಗ ಗಂಟು ಇಳಿದುಹೋಗುವುದನ್ನು ಕಂಡು ಗುಣವಾಯಿತೆಂದು ಭಾವಿಸುವವರಿದ್ದಾರೆ. ಚೀಲದ ಒಳಪದರು ಅಲ್ಲಿಯೇ ಇರುವುದರಿಂದ ನೀರು ಮತ್ತೆ ತುಂಬುತ್ತದೆ. ಶಾಶ್ವತ ಪರಿಹಾರವೆಂದರೆ ಚೀಲವನ್ನು ಪೂರ್ಣವಾಗಿ ತೆಗೆಯುವುದು. ಥೈರೋಗ್ಲಾಸಲ್ ಸಿಸ್ಟಿನಲ್ಲಿ ಚೀಲವನ್ನಷ್ಟೇ ತೆಗೆದರೆ ಅದು ಬಹಳ ಜನರಲ್ಲಿ ಮರುಕಳಿಸುತ್ತದೆ. ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಸಿಸ್ಟ್ರಂಕ್ 1920ರಲ್ಲಿ ವಿವರಿಸಿದಂತೆ, ಹಯಾಯ್ಡ್ ಎಲುಬಿನ ನಡುಭಾಗವನ್ನೂ ನಾಲಗೆಯ ಬುಡದ ಕಡೆಗೆ ಸಾಗುವ ನಾಳವನ್ನೂ ಸೇರಿಸಿ ತೆಗೆದರೆ ಮರುಕಳಿಸುವುದು ತೀರ ಕಡಿಮೆಯಾಗುತ್ತದೆ. ತೆಗೆದ ಚೀಲವನ್ನು ಮತ್ತೆ ಪರೀಕ್ಷೆಗೆ ಕಳುಹಿಸುವುದು ಕಡ್ಡಾಯ. ನೂರರಲ್ಲಿ ಸುಮಾರು ಒಂದರಲ್ಲಿ ಈ ಸಿಸ್ಟಿನೊಳಗೇ ಕ್ಯಾನ್ಸರ್ ಇರುವುದುಂಟು. ಅಂತಿಮ ನಿರ್ಣಯ ಆ ವರದಿಯದೇ.

ಕಾಂಚನಾರ ಗುಗ್ಗುಲು ಸೇವಿಸಿದರೆ ಕರಗುವುದಿಲ್ಲವೇ ಎಂದು ಭಕ್ತರು ನಮ್ಮನ್ನು ಕೇಳುತ್ತಾರೆ. ಗಲಗಂಡ, ಗಂಡಮಾಲೆ, ಗ್ರಂಥಿಗಳಿಗೆ ಶಾಸ್ತ್ರದಲ್ಲಿ ಹೇಳಿದ ಪ್ರಸಿದ್ಧ ಔಷಧವದು. ಆದರೆ ಜನ್ಮಜಾತ ಚೀಲದ ಒಳಪದರನ್ನು ಅದು ಕರಗಿಸುತ್ತದೆಂದು ನಾವು ಹೇಳಲಾರೆವು. ಕ್ಷಯಕ್ಕೆ, ಕ್ಯಾನ್ಸರಿಗೆ ಅದನ್ನೇ ನಂಬಿ ಕಾಲ ಕಳೆಯುವುದು ಪ್ರಾಣದೊಡನೆ ಆಟವಾಡಿದಂತೆ. ಶಸ್ತ್ರಸಾಧ್ಯ ವ್ಯಾಧಿಗೆ ಶಸ್ತ್ರವೇ ಬೇಕೆಂದು ಬೋಧಿಸಿದವರು ಸುಶ್ರುತರೇ ಆಗಿದ್ದಾರೆ. ಶಸ್ತ್ರಚಿಕಿತ್ಸೆಯ ಬಳಿಕ ಪಥ್ಯ, ಜಠರಾಗ್ನಿಯ ರಕ್ಷಣೆ, ಬಲವರ್ಧನೆಗಳಲ್ಲಿ ಆಯುರ್ವೇದದ ನೆರವನ್ನು ವೈದ್ಯರ ಸಲಹೆಯಂತೆ ಪಡೆಯಬಹುದು.

ಎಲ್ಲಿಗೆ ಹೋಗಬೇಕು?

ಮೊದಲು ಸಮೀಪದ ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅಲ್ಲಿಂದ ಬರೆದುಕೊಟ್ಟಂತೆ ಬೆಳಗಾವಿಯ ಬಿಮ್ಸ್ ಅಥವಾ ಕೆ.ಎಲ್.ಇ. ಆಸ್ಪತ್ರೆ, ಧಾರವಾಡ ಸತ್ತೂರಿನ ಎಸ್.ಡಿ.ಎಂ., ಹುಬ್ಬಳ್ಳಿಯ ಕೆ.ಎಂ.ಸಿ.ಆರ್.ಐ. (ಹಿಂದಿನ ಕಿಮ್ಸ್) ಆಸ್ಪತ್ರೆಗಳಿಗೆ ಹೋಗಬಹುದು. ಇವೆಲ್ಲ ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಗಳು. ರೋಗಶಾಸ್ತ್ರ ವಿಭಾಗವೂ ಕಿವಿ-ಮೂಗು-ಗಂಟಲು ವಿಭಾಗವೂ ಒಂದೇ ಆವರಣದಲ್ಲಿ ದೊರೆಯುತ್ತವೆ. ಬಡಕುಟುಂಬದವರು ಪಡಿತರ ಚೀಟಿ ಹಾಗೂ ಆಧಾರ್ ಒಯ್ದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ವಿಚಾರಿಸಬೇಕು. ಹಳೆಯ ಸ್ಕ್ಯಾನ್, ಹಳೆಯ ವರದಿ, ಸಾಧ್ಯವಾದರೆ ಪರೀಕ್ಷೆಯ ಗಾಜಿನ ಪಟ್ಟಿಗಳನ್ನೂ ಜೋಪಾನವಾಗಿ ಜೊತೆಗೊಯ್ಯಿರಿ. ಎರಡನೆಯ ವೈದ್ಯರು ಅವನ್ನೇ ಮತ್ತೆ ನೋಡಿ ಅಭಿಪ್ರಾಯ ಹೇಳಬಲ್ಲರು.

ಕೊರಳಿನ ಯಾವುದೇ ಗಂಟು ಎರಡು ಮೂರು ವಾರಗಳಲ್ಲಿ ಇಳಿಯದಿದ್ದರೆ ತೋರಿಸಿ. ನುಂಗಲು ಕಷ್ಟ, ಧ್ವನಿ ಬದಲಾವಣೆ, ಉಸಿರಾಟದ ತೊಂದರೆ, ಬಾಯಲ್ಲಿ ಮಾಯದ ಹುಣ್ಣು, ಸಂಜೆಯ ಜ್ವರ, ತೂಕ ಇಳಿಯುವಿಕೆ ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ಅಷ್ಟು ದಿನವೂ ಕಾಯಬೇಡಿ. ದೇವರಿಗೆ ಬೇಡಿಕೊಳ್ಳಿ, ಪೂಜ್ಯರ ಆಶೀರ್ವಾದ ಪಡೆಯಿರಿ, ಅದೇ ವಾರ ಪರೀಕ್ಷೆಯನ್ನೂ ಮಾಡಿಸಿರಿ. ಅನೇಕರಿಗೆ ಆ ಸೂಜಿ ತರುವ ಸುದ್ದಿ ಸಮಾಧಾನದ್ದೇ ಆಗಿರುತ್ತದೆ. ಕೆಲವರಿಗೆ ಅದು ಸಕಾಲದ ಎಚ್ಚರಿಕೆಯಾಗಿ ಪ್ರಾಣವನ್ನು ಉಳಿಸುತ್ತದೆ.